ಹಣತೆಯ ಕಪ್ಪು, ಕಲ್ಲಿನ ಕಪ್ಪು

ಕಳೆದ ತಿಂಗಳು ಏಳನೇ ಕ್ಲಾಸಿನಲ್ಲಿ ಇಂಗಾಲದ ಪಾಠ ಮಾಡುತ್ತಿದ್ದೆ. ಇದ್ದಿಲು, ಪೆನ್ಸಿಲ್ಲಿನ ಕಡ್ಡಿ, ವಜ್ರ ಎಲ್ಲ ಆದ ಮೇಲೆ, ದೀಪದ ಮಸಿಯೂ ಇಂಗಾಲವೇ, ನೀವು ಕಣ್ಣಿಗೆ ಹಚ್ಚುವ ಕಪ್ಪೂ ಇಂಗಾಲವೇ ಅಂದೆ. ಊಟ ಮುಗಿಸಿ ಬಂದ ಮಕ್ಕಳ ತೂಕಡಿಕೆ ಬಿಡಿಸೋಣ ಎಂದು, "ನಿಮ್ಮ ನಿಮ್ಮ ಮನೆಯಲ್ಲಿ ಅದಕ್ಕೆ ಏನಂತಾರೆ?" ಎಂದು ಕೇಳಿದೆ. ನಮ್ಮದು ಹೊಸೂರಿನ ಕಡೆಯ ಶಾಲೆ. ಒಂದೊಂದು ಬೆಂಚಿನಲ್ಲೂ ಮೂರು ಭಾಷೆ ಕೂತಿರುತ್ತವೆ. ಕೆಲವರು ಕಾಡಿಗೆ ಅಂದರು, ಕೆಲವರು ಕಣ್ಕಪ್ಪು ಅಂದರು. ಮನೆಯಲ್ಲಿ ತೆಲುಗು ಆಡುವವರು ಕಾಟುಕ ಅಂದರು. ಅಂಗಡಿಯಲ್ಲಿ ಕೇಳುವಾಗ ಕಣ್ ಮೈ ಅನ್ನುತ್ತೇವೆ ಎಂದಳು ಒಬ್ಬಳು. ಹಿಂದಿನ ಬೆಂಚಿನ ಹುಡುಗ, "ನಮ್ಮನೇಲಿ ಸುರ್ಮಾ, ಮಿಸ್" ಅಂದ. ಎಲ್ಲ ಹೆಸರನ್ನೂ ಬೋರ್ಡಿನ ಮೇಲೆ ಸಾಲಾಗಿ ಬರೆದು, ಕೊನೆಯಲ್ಲಿ ಒಂದು ಸಮ ಚಿಹ್ನೆ ಹಾಕಿ, 'ಇಂಗಾಲ' ಎಂದು ಬರೆದೆ. ನನಗೇ ಖುಷಿಯಾಯಿತು, ಎಷ್ಟು ಚೆನ್ನಾಗಿ ಪಾಠ ಮಾಡಿದೆ ಅಂತ.

ಆ ಸಮ ಚಿಹ್ನೆ ತಪ್ಪಾಗಿತ್ತು. ಅದು ಗೊತ್ತಾದದ್ದು ಮಾರನೆಯ ದಿನ.

ಮಾರನೆಯ ದಿನ ಒಬ್ಬ ಹುಡುಗಿ ಅವರಜ್ಜಿಯ ಹಿತ್ತಾಳೆ ಕರಡಿಗೆ ತಂದಿದ್ದಳು. ಸುರ್ಮಾ ಅಂದ ಹುಡುಗ ಒಂದು ಪುಟ್ಟ ಗಾಜಿನ ಶೀಸೆ ತಂದಿದ್ದ. ಎರಡನ್ನೂ ಬಿಳಿ ಹಾಳೆಯ ಮೇಲೆ ಒಂದೊಂದು ಚಿಟಿಕೆ ಹಾಕಿ ಕಿಟಕಿಯ ಹತ್ತಿರ ಹಿಡಿದೆವು. ಅಜ್ಜಿಯ ಕಾಡಿಗೆ ಕಪ್ಪೆಂದರೆ ಕಪ್ಪು. ಬೆಳಕನ್ನೆಲ್ಲ ನುಂಗಿ ಸುಮ್ಮನೆ ಕೂತಿತ್ತು. ಶೀಸೆಯ ಪುಡಿ ಬೂದು ಕಪ್ಪು, ಹಾಳೆ ಅಲ್ಲಾಡಿಸಿದರೆ ಮಿಣಮಿಣ ಮಿನುಗುತ್ತಿತ್ತು. ಶೀಸೆಯೋ ಹೆಬ್ಬೆರಳಿನಷ್ಟಿದ್ದರೂ ಕೈಗೆ ಭಾರ ಗೊತ್ತಾಗುತ್ತಿತ್ತು. ಮಸಿ ಮಿನುಗುವುದಿಲ್ಲ, ಅಷ್ಟು ತೂಗುವುದೂ ಇಲ್ಲ. ಇದು ಕಲ್ಲಿನ ಪುಡಿ. ಶೀಸೆಯನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಎಲ್ಲರೂ ಕೈ ತೊಳೆದುಕೊಂಡು ಬನ್ನಿ ಎಂದು ಕಳಿಸಿ, "ನಿನ್ನೆ ನಾನು ಹೇಳಿದ್ದರಲ್ಲಿ ಒಂದು ತಪ್ಪಿದೆ, ಓದಿಕೊಂಡು ಬಂದು ಸರಿಮಾಡುತ್ತೇನೆ" ಎಂದೆ. ಓದಿದ್ದು ಮೂರು ವಾರ ಹಿಡಿಯಿತು. ಓದುತ್ತ ಹೋದಂತೆ ಈ ತಪ್ಪು ನನ್ನೊಬ್ಬಳದೇ ಅಲ್ಲ, ಐದು ಸಾವಿರ ವರ್ಷದಿಂದ ಜನ ಮಾಡುತ್ತ ಬಂದದ್ದು ಎಂದು ಕಂಡು ಸ್ವಲ್ಪ ಸಮಾಧಾನವೂ ಆಯಿತು!

ಮೊದಲು ಹಣತೆಯ ಕಪ್ಪು. ನಮ್ಮ ಕಡೆಯ ಹೆಂಗಸರು ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದ ಕ್ರಮ ನನ್ನ ಅಮ್ಮನಿಗೆ ಇನ್ನೂ ಬಾಯಿಪಾಠ. ಹಳೆಯ ಬಿಳಿ ಪಂಚೆಯ ತುಂಡು, ಚೆನ್ನಾಗಿ ಒಗೆದದ್ದು. ಅದನ್ನು ಗರುಗದ ಸೊಪ್ಪಿನ ರಸದಲ್ಲಿ ನೆನೆಸಿ ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಮತ್ತೆ ನೆನೆಸಬೇಕು, ಮತ್ತೆ ಒಣಗಿಸಬೇಕು. ಹೀಗೆ ನಾಲ್ಕಾರು ಸಲ ಆಗುವಷ್ಟರಲ್ಲಿ ಬಟ್ಟೆ ಕಪ್ಪು ಹಸಿರಾಗಿ ಗಡಸಾಗುತ್ತದೆ. ಕೆಲವರು ಗರುಗದ ಬದಲು ಹೊನಗೊನೆ ಸೊಪ್ಪು ಹಾಕುತ್ತಾರೆ, ಕೆಲವರು ನಂದಿಬಟ್ಟಲು ಹೂವು. ಆ ಬಟ್ಟೆಯನ್ನು ಬತ್ತಿ ಹೊಸೆದು, ಮಣ್ಣಿನ ಹಣತೆಯಲ್ಲಿ ಹರಳೆಣ್ಣೆ ಹಾಕಿ, ರಾತ್ರಿ ಗಾಳಿ ಆಡದ ಮೂಲೆಯಲ್ಲಿ ಹಚ್ಚಿಡುವುದು. ಎರಡೂ ಕಡೆ ಇಟ್ಟಿಗೆ ನಿಲ್ಲಿಸಿ ಮೇಲೆ ಕಂಚಿನ ತಟ್ಟೆಯನ್ನೋ ಹೊಸ ಮಡಕೆಯ ಚೂರನ್ನೋ ಬೋರಲು ಹಾಕುವುದು. ತಟ್ಟೆಯ ಒಳಮೈಗೆ ಗಂಧ ತೇಯ್ದು ಸವರುವವರೂ ಇದ್ದರು. ಬೆಳಿಗ್ಗೆ ನೋಡಿದರೆ ತಟ್ಟೆಯ ಹೊಟ್ಟೆಯಲ್ಲಿ ಮಖಮಲ್ಲಿನಂಥ ಕಪ್ಪು. ಅದನ್ನು ಬಾಳೆಲೆಯ ತುಂಡಿನಿಂದ ಕೆರೆದು, ಒಂದೆರಡು ತೊಟ್ಟು ಹರಳೆಣ್ಣೆಯನ್ನೋ ಹಸುವಿನ ತುಪ್ಪವನ್ನೋ ಹಾಕಿ ಮಿದಿದು ಕರಡಿಗೆಗೆ ತುಂಬಿದರೆ ವರ್ಷದ ಕಾಡಿಗೆ ಆಯಿತು.

ಹರಳೆಣ್ಣೆಯೇ ಯಾಕೆ ಎಂದು ಅಮ್ಮನನ್ನು ಕೇಳಿದರೆ "ತಂಪು" ಅಂದರು. ಅಮ್ಮನ ಶಾಸ್ತ್ರದಲ್ಲಿ ಅರ್ಧ ಪ್ರಶ್ನೆಗೆ ಉತ್ತರ ತಂಪು, ಇನ್ನರ್ಧಕ್ಕೆ ಉಷ್ಣ. ನನಗೆ ತೋರುವ ಕಾರಣ ಬೇರೆ. ನಮ್ಮದು ರಾಗಿ ಸೀಮೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳದ ಜೊತೆ ಹರಳು ಇದ್ದೇ ಇರುತ್ತಿತ್ತು. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಎಣ್ಣೆ ತೆಗೆದುಕೊಂಡರೆ ಗಾಣಕ್ಕೆ ಹೋಗುವ ಕೆಲಸವೂ ಇಲ್ಲ. ತಿನ್ನುವ ಎಣ್ಣೆಯಲ್ಲ, ಹಾಗಾಗಿ ದೀಪಕ್ಕೆ. ತಮಿಳಿನಲ್ಲಿ ಹರಳೆಣ್ಣೆಗೆ ಹೆಸರೇ ವಿಳಕ್ಕೆಣ್ಣೈ, ಅಂದರೆ ದೀಪದ ಎಣ್ಣೆ. ಗಟ್ಟಿ ಎಣ್ಣೆಯಾದ್ದರಿಂದ ನಿಧಾನವಾಗಿ ಉರಿದು ರಾತ್ರಿಯಿಡೀ ಬರುತ್ತದೆ. ಸೀಮೆಎಣ್ಣೆ ಬಂದ ಮೇಲೆ ಬುಡ್ಡಿ ದೀಪದ ಮಸಿಯನ್ನೇ ಕೆರೆದು ಹಚ್ಚಿದವರೂ ಇದ್ದಾರೆ. ಅದರ ವಾಸನೆಗೇ ಅಮ್ಮ ಮೂಗು ಮುರಿಯುತ್ತಿದ್ದರು.

ತಟ್ಟೆ ಬೋರಲು ಹಾಕುವುದರಲ್ಲೇ ಇಡೀ ವಿಜ್ಞಾನ ಇದೆ. ಎಣ್ಣೆ ಪೂರ್ತಿ ಉರಿಯಬೇಕಾದರೆ ಸಾಕಷ್ಟು ಗಾಳಿ ಬೇಕು. ತಟ್ಟೆ ಹತ್ತಿರವಿದ್ದರೆ ಗಾಳಿ ಸಾಲದೆ ಇಂಗಾಲದ ಕಣಗಳು ಅರೆಬರೆ ಉಳಿದು, ತಣ್ಣನೆಯ ಲೋಹಕ್ಕೆ ತಾಗಿ ಅಲ್ಲೇ ಅಂಟುತ್ತವೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳಿಗಾಗಿ ಒಂದು ಮೇಣದ ಬತ್ತಿಯ ಬಗ್ಗೆ ಉಪನ್ಯಾಸ ಮಾಲೆ ಶುರುಮಾಡಿದರು. ಅದು ಮುಂದಿನ ವರ್ಷ ಪುಸ್ತಕವಾಗಿ ಬಂತು. ಜ್ವಾಲೆಯ ಹಳದಿ ಬೆಳಕು ಬರುವುದೇ ಅದರೊಳಗೆ ಕಾದು ಕೆಂಪಾದ ಇಂಗಾಲದ ಕಣಗಳಿಂದ ಎಂದು ಅದರಲ್ಲಿ ಅವರು ತೋರಿಸಿಕೊಡುತ್ತಾರೆ. ಅಂದರೆ ದೀಪದ ಬೆಳಕು ಅನ್ನುವುದು ಉರಿಯುತ್ತಿರುವ ಕಾಡಿಗೆ, ಕಾಡಿಗೆ ಅನ್ನುವುದು ತಣ್ಣಗಾದ ಬೆಳಕು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಯಾವಾಗಲೂ ಮಾತಾಡುವ ಇಬ್ಬರು ಹುಡುಗರು ಒಂದು ನಿಮಿಷ ಸುಮ್ಮನಿದ್ದರು. ಅದೇ ನನಗೆ ದೊಡ್ಡ ಪ್ರಶಸ್ತಿ.

ಗರುಗದ ರಸದ ಗುಣ ಮಸಿಗೆ ಇಳಿಯುತ್ತದೆಯೇ? ಅಮ್ಮನ ಎದುರು ಹೇಳಲಾರೆ, ಇಲ್ಲಿ ಹೇಳುತ್ತೇನೆ: ಉರಿದ ಸೊಪ್ಪಿನ ಗುಣ ಹೆಚ್ಚೇನೂ ಉಳಿಯುವುದಿಲ್ಲ ಎಂದೇ ನನ್ನ ಅನಿಸಿಕೆ. ಬತ್ತಿಯಲ್ಲಿದ್ದ ರಸ ಸುಟ್ಟು ಬೂದಿಯಾಗುತ್ತದೆ. ಕರಡಿಗೆಯಲ್ಲಿ ಇರುವುದು ಇಂಗಾಲ, ಜಿಡ್ಡು, ಪೂರ್ತಿ ಉರಿಯದ ಎಣ್ಣೆಯ ಹೊಗೆಯ ಅಂಶ. ಆದರೆ ಆ ಸೊಪ್ಪು ಹುಡುಕಲು ಕೆರೆಯಂಚಿಗೆ ಹೋಗುತ್ತಿದ್ದ ಹುಡುಗಿಯರು ಗಿಡ ಗುರುತಿಸುವುದನ್ನು ಕಲಿಯುತ್ತಿದ್ದರು, ಅದಂತೂ ನಿಜ.

ಈ ಕಪ್ಪಿಗೆ ಇನ್ನೊಂದು ಕೆಲಸವೂ ಇತ್ತು, ಶಾಲೆಗೆ ಹತ್ತಿರದ್ದು. ಮಸಿ ಅಂದರೆ ನಮಗೆ ದೀಪದ ಕಪ್ಪೂ ಹೌದು, ಬರೆಯುವ ಶಾಯಿಯೂ ಹೌದು. ತಮಿಳಿನ ಮೈ ಕೂಡ ಹಾಗೆಯೇ. ಕಣ್ಣಿಗೆ ಹಚ್ಚಿದರೂ ಮೈ, ಪೆನ್ನಿಗೆ ತುಂಬಿದರೂ ಮೈ. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರ ಹಾಗೆಯೇ ಕಣ್ಣಿಗೆ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಗರಿಯ ಮೇಲೆ ಉಜ್ಜಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಂತು ಓದಲು ಬರುತ್ತದೆ. ಹಳಗನ್ನಡದ ಎಷ್ಟೋ ಕಾವ್ಯ ನಮ್ಮ ಕೈಗೆ ಬಂದಿರುವುದು ಹೀಗೆ ಕಾಡಿಗೆ ಹಚ್ಚಿದ ಗರಿಗಳ ಮೇಲೆ. ನಮ್ಮ ಶಾಲೆಯ ಹಳೆಯ ಮರದ ಬೋರ್ಡಿಗೂ ಬೇಸಿಗೆ ರಜೆ ಮುಗಿಯುವಾಗ ಇದ್ದಿಲು ಪುಡಿ, ತೊಂಡೆ ಸೊಪ್ಪು ಅರೆದು ಬಳಿಯುತ್ತಿದ್ದೆವು. ಅದೂ ಒಂದು ಲೆಕ್ಕದಲ್ಲಿ ಕಾಡಿಗೆಯೇ.

ಈಗ ಕಲ್ಲಿನ ಕಪ್ಪಿಗೆ ಬರುತ್ತೇನೆ. ಇದರ ಕಥೆಗೆ ನೈಲ್ ನದಿಯ ದಡಕ್ಕೆ ಹೋಗಬೇಕು.

ಈಜಿಪ್ಟಿನ ಅತಿ ಹಳೆಯ ಸಮಾಧಿಗಳಲ್ಲಿ, ಪಿರಮಿಡ್ಡುಗಳಿಗಿಂತ ಎಷ್ಟೋ ಹಿಂದಿನವುಗಳಲ್ಲಿ, ಚಪ್ಪಟೆ ಕಲ್ಲಿನ ಹಲಗೆಗಳು ಸಿಕ್ಕಿವೆ. ಕಣ್ಣಿಗೆ ಹಚ್ಚುವ ಬಣ್ಣ ಅರೆಯುವ ಹಲಗೆಗಳು ಅವು. ಮೊದಮೊದಲು ಹಸಿರು ಬಣ್ಣ ಹೆಚ್ಚು, ತಾಮ್ರದ ಅದಿರಾದ ಮ್ಯಾಲಕೈಟ್‌ನದು. ಆಮೇಲೆ ಕಪ್ಪು ಮೇಲುಗೈಯಾಯಿತು. ನಮ್ಮ ಇತಿಹಾಸ ಪಾಠಗಳಲ್ಲಿ ಈಜಿಪ್ಟನ್ನು ಒಂದುಗೂಡಿಸಿದ ರಾಜ ನಾರ್ಮರ್‌ನ ಹೆಸರು ಬರುತ್ತದಲ್ಲ, ಕ್ರಿಸ್ತಪೂರ್ವ 3100ರ ಸುಮಾರಿನವನು, ಅವನ ವಿಜಯವನ್ನು ಕೆತ್ತಿರುವ ಪ್ರಸಿದ್ಧ ಕಲ್ಲು ಕೂಡ ಇಂಥದೇ ಕಾಡಿಗೆ ಅರೆಯುವ ಹಲಗೆಯ ದೊಡ್ಡ ರೂಪ. ಎರಡು ವಿಚಿತ್ರ ಪ್ರಾಣಿಗಳ ಉದ್ದ ಕುತ್ತಿಗೆಗಳು ಹೆಣೆದುಕೊಂಡು ನಡುವೆ ಒಂದು ದುಂಡನೆಯ ಗುಳಿ ಆಗಿದೆ. ಬಣ್ಣ ಅರೆಯುವ ಜಾಗ ಅದು. ಒಂದು ದೇಶದ ಮೊದಲ ರಾಜಕೀಯ ದಾಖಲೆ ಕಾಡಿಗೆ ಹಲಗೆಯ ಮೇಲಿದೆ ಎಂದರೆ ನನಗಂತೂ ಈಗಲೂ ನಗು ಬರುತ್ತದೆ.

ಆ ಕಪ್ಪು ಯಾವುದು? ಬಹಳ ಕಾಲ ವಿದ್ವಾಂಸರು ಅದನ್ನು ಆಂಟಿಮನಿ ಅನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ ಆಂಟಿಮನಿಗೂ ಕಣ್ಣಿನ ಕಪ್ಪಿಗೂ ಸ್ಟಿಬಿಯಂ ಎಂಬ ಒಂದೇ ಹೆಸರಿದ್ದದ್ದು ಇದಕ್ಕೊಂದು ಕಾರಣ. ಸಮಾಧಿಗಳಲ್ಲಿ ಸಿಕ್ಕ ಪುಡಿಯನ್ನು ರಾಸಾಯನಿಕ ಪರೀಕ್ಷೆ ಮಾಡಿದಾಗ ಬಹುಪಾಲು ಗೆಲೀನ ಎಂದು ತಿಳಿಯಿತು. ಗೆಲೀನ ಎಂದರೆ ಸೀಸದ ಸಲ್ಫೈಡು, ಸೀಸ ತೆಗೆಯುವ ಮುಖ್ಯ ಅದಿರು. ಹೊಳೆಯುವ ಬೂದು ಕಪ್ಪು, ನೀರಿಗಿಂತ ಏಳೂವರೆ ಪಟ್ಟು ತೂಕ. ನಮ್ಮ ಶೀಸೆಯ ಹೊಳಪು, ಭಾರ ಎರಡೂ ನೆನಪಾದವು. 1999ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಲೂವ್ರ್ ವಸ್ತುಸಂಗ್ರಹಾಲಯದ ಕಾಡಿಗೆ ಭರಣಿಗಳನ್ನು ಪರೀಕ್ಷಿಸಿ ಇನ್ನೊಂದು ಸಂಗತಿ ಹೇಳಿದರು. ಅವುಗಳಲ್ಲಿ ಗೆಲೀನದ ಜೊತೆಗೆ, ಪ್ರಕೃತಿಯಲ್ಲಿ ಅಷ್ಟಾಗಿ ಸಿಗದ ಸೀಸದ ಕ್ಲೋರೈಡುಗಳಿದ್ದವು. ಅಂದರೆ ಸೀಸದ ಭಸ್ಮವನ್ನು ಉಪ್ಪು ನೀರಿನಲ್ಲಿ ದಿನಗಟ್ಟಲೆ ನೆನೆಸಿ, ತೊಳೆದು, ಬೇಕೆಂದೇ ತಯಾರಿಸಿದ್ದರು. ಮೊದಲನೆಯ ಶತಮಾನದ ಪ್ಲಿನಿ, ಡಯಾಸ್ಕೊರಿಡಿಸ್ ಇಬ್ಬರೂ ಇಂಥ ವಿಧಾನ ಬರೆದಿಟ್ಟಿದ್ದಾರೆ.

2010ರಲ್ಲಿ ಮತ್ತೊಂದು ಸಂಶೋಧನೆ ಬಂತು. ಬಹಳ ಸಣ್ಣ ಪ್ರಮಾಣದ ಸೀಸದ ಅಯಾನುಗಳು ಚರ್ಮದ ಜೀವಕೋಶದಲ್ಲಿ ನೈಟ್ರಿಕ್ ಆಕ್ಸೈಡನ್ನು ಹೆಚ್ಚಿಸುತ್ತವೆ, ಇದರಿಂದ ರೋಗನಿರೋಧಕ ಶಕ್ತಿ ಚುರುಕಾಗಬಹುದು ಎಂದು. ಕ್ಲಿಯೋಪಾತ್ರಳ ಕಾಡಿಗೆ ಔಷಧವಾಗಿತ್ತು ಎಂದು ಪತ್ರಿಕೆಗಳಲ್ಲೆಲ್ಲ ಸುದ್ದಿ. ಆದರೆ ಆ ಪ್ರಯೋಗ ನಡೆದದ್ದು ಬಿಡಿ ಜೀವಕೋಶದ ಮೇಲೆ. ಮಗುವಿನ ಕಣ್ಣಿನ ಮೇಲೆ ವರ್ಷಗಟ್ಟಲೆ ಅಲ್ಲ. ಸುದ್ದಿ ಓದಿದವರು ಅಷ್ಟು ದೂರ ಓದುವುದಿಲ್ಲ.

ಅರಬ್ಬಿಯಲ್ಲಿ ಈ ಪುಡಿಗೆ ಕುಹ್ಲ್ ಎಂದು ಹೆಸರು. ಅಲ್ ಎಂಬ ಉಪಪದ ಸೇರಿ ಅಲ್-ಕುಹ್ಲ್. ಅತಿ ನುಣ್ಣಗೆ ಅರೆದ ಯಾವುದೇ ಪುಡಿಗೆ ಆ ಹೆಸರು ಬಂತು, ಆಮೇಲೆ ಯಾವುದೇ ವಸ್ತುವಿನ ಸಾರಕ್ಕೆ. 16ನೇ ಶತಮಾನದಲ್ಲಿ ಯುರೋಪಿನ ವೈದ್ಯ ಪ್ಯಾರಸೆಲ್ಸಸ್ ಬಟ್ಟಿ ಇಳಿಸಿದ ದ್ರಾಕ್ಷಾರಸದ ಸಾರಕ್ಕೂ ಇದೇ ಪದ ಬಳಸಿದ. ಅದೇ ಇಂದಿನ ಆಲ್ಕೊಹಾಲ್! ನಮ್ಮೂರಿನ ವೈನ್ ಶಾಪಿನ ಬೋರ್ಡಿನಲ್ಲಿ ಒಂದು ಕಾಡಿಗೆ ಡಬ್ಬಿ ಅಡಗಿದೆ ಎಂದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ.

ನಮ್ಮ ದೇಶದಲ್ಲೂ ಎರಡು ಕಪ್ಪುಗಳು ಜೊತೆಜೊತೆಗೇ ಇದ್ದವು. ಸಿಂಧೂ ಕಣಿವೆಯ ನಗರಗಳಲ್ಲಿ ಅಂಜನ ಹಚ್ಚುವ ತಾಮ್ರದ ಕಡ್ಡಿಗಳು ಸಿಕ್ಕಿವೆ. ಚರಕ ಸಂಹಿತೆಯ ಸೂತ್ರಸ್ಥಾನದ ಐದನೇ ಅಧ್ಯಾಯದಲ್ಲಿ ದಿನಚರಿ ಹೇಳುವಾಗ, ಸೌವೀರಾಂಜನವನ್ನು ದಿನವೂ ಹಚ್ಚಬಹುದು, ಕಣ್ಣಿನ ನೀರು ಹರಿಸುವುದಕ್ಕಾಗಿ ರಸಾಂಜನವನ್ನು ಐದು ಅಥವಾ ಎಂಟು ದಿನಕ್ಕೊಮ್ಮೆ ರಾತ್ರಿ ಹಚ್ಚಬೇಕು ಎಂಬ ವಿವರ ಇದೆ. ರಸಾಂಜನ ಎಂದರೆ ದಾರುಹರಿದ್ರೆಯ ಕಷಾಯವನ್ನು ಕುದಿಸಿ ಗಟ್ಟಿ ಮಾಡಿದ್ದು, ಗಿಡದ ಮೂಲದ್ದು. ಸೌವೀರಾಂಜನ ಕಲ್ಲು. ಸೌವೀರ ಎಂಬುದು ಸಿಂಧೂ ನದಿಯ ಕೆಳಭಾಗದ ದೇಶದ ಹೆಸರು. ಆ ಕಲ್ಲು ಆಂಟಿಮನಿಯದೋ ಸೀಸದ್ದೋ ಎಂಬುದರಲ್ಲಿ ಇಂದಿನ ಪಂಡಿತರಲ್ಲಿ ಒಮ್ಮತವಿಲ್ಲ. ಎರಡೂ ಕಪ್ಪು, ಎರಡೂ ಹೊಳೆಯುತ್ತವೆ, ಎರಡೂ ಗಂಧಕ ಬೆರೆತವು. ಕಣ್ಣಂದಾಜಿನಲ್ಲಿ ಬೇರೆ ಮಾಡುವುದು ಕಷ್ಟ.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೊದಲ ಹತ್ತೊಂಬತ್ತು ಅಧ್ಯಾಯ ಕಣ್ಣಿಗೇ ಮೀಸಲು. 76 ಕಣ್ಣಿನ ರೋಗಗಳ ಲೆಕ್ಕ ಕೊಡುತ್ತದೆ. ಅಂಜನದಲ್ಲಿ ಕೆರೆದು ತೆಗೆಯುವುದು, ಗಾಯ ಮಾಯಿಸುವುದು, ಕಣ್ಣು ತಿಳಿಗೊಳಿಸುವುದು ಎಂದು ಮೂರು ಬಗೆ; ಮಾತ್ರೆ, ಲೇಹ್ಯದಂಥದ್ದು, ಪುಡಿ ಎಂದು ಮೂರು ರೂಪ. ಹಚ್ಚುವ ಶಲಾಕೆ ಎಂಟು ಅಂಗುಲ ಉದ್ದವಿರಬೇಕು, ನಡು ತೆಳ್ಳಗೆ, ಎರಡು ತುದಿಯೂ ಮೊಗ್ಗಿನ ಹಾಗೆ. ಕಣ್ಣು, ಕಿವಿ, ಮೂಗು, ಗಂಟಲಿನ ವೈದ್ಯಕ್ಕೆ ಆಯುರ್ವೇದದಲ್ಲಿ ಶಾಲಾಕ್ಯ ಎಂಬ ಹೆಸರು ಬಂದದ್ದೇ ಈ ಕಡ್ಡಿಯಿಂದ. ಗುರುವನ್ನು ಅಂಜನ ಹಚ್ಚಿ ಕಣ್ಣು ತೆರೆಸುವವನಿಗೆ ಹೋಲಿಸುವ ಪ್ರಾರ್ಥನೆಯನ್ನು ನಾವು ಶಾಲೆಗಳಲ್ಲಿ ಹೇಳುತ್ತೇವೆ, ಅಲ್ಲಿ ಬರುವುದೂ ಈ ಶಲಾಕೆಯೇ. ಇದರಲ್ಲಿ ಒಂದು ತಮಾಷೆ ಇದೆ. ಅಂಜನ ಕಣ್ಣು ತಿಳಿಗೊಳಿಸುವುದಾದರೆ, ದೇವರನ್ನು 'ನಿರಂಜನ' ಎಂದು, ಅಂಜನ ಇಲ್ಲದವನು ಎಂದು ಹೊಗಳುವುದು ಯಾಕೆ? ಅಲ್ಲಿ ಅಂಜನ ಎಂದರೆ ಕಲೆ, ಮಸಿ. ಒಂದೇ ಪದ ಬೆಳಕೂ ಹೌದು ಕೊಳೆಯೂ ಹೌದು.

ಇಷ್ಟೆಲ್ಲ ವಿವರ ಇರುವ ಪುಸ್ತಕಗಳು ವೈದ್ಯರಿಗಾಗಿ ಬರೆದವು ಎಂಬುದನ್ನು ನಾವು ಮರೆತುಬಿಡುತ್ತೇವೆ. ಯಾರಿಗೆ ಹಚ್ಚಬಾರದು, ಯಾವ ಹೊತ್ತಿನಲ್ಲಿ ಹಚ್ಚಬಾರದು ಎಂಬ ಪಟ್ಟಿಯೂ ಅಲ್ಲೇ ಇದೆ. ಅದು ಬಳಕೆಗೆ ಬರುತ್ತ ಬರುತ್ತ ವೈದ್ಯ ಹೋಗಿ ಕಡ್ಡಿ ಮಾತ್ರ ಉಳಿಯಿತು. ಶೃಂಗಾರದ ಸಂಗತಿ ಬೇರೆ. ಖಜುರಾಹೋದ ಪಾರ್ಶ್ವನಾಥ ಮಂದಿರದ ಗೋಡೆಯಲ್ಲಿ 10ನೇ ಶತಮಾನದ ಒಬ್ಬ ಸುಂದರಿ ಸೊಂಟ ಬಳುಕಿಸಿ ನಿಂತು ಕಡ್ಡಿಯಿಂದ ಕಾಡಿಗೆ ತೀಡಿಕೊಳ್ಳುತ್ತಿದ್ದಾಳೆ. ಅವಳನ್ನು ನೋಡಿದರೆ ಸೀಸವೋ ಇಂಗಾಲವೋ ಎಂದು ಕೇಳುವ ಮನಸ್ಸು ಯಾರಿಗೂ ಬರಲಿಕ್ಕಿಲ್ಲ.

ಆದರೆ ಕೇಳಬೇಕಾಗಿ ಬಂತು, ಮಕ್ಕಳಿಂದಾಗಿ. 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕಣ್ಣಿನ ಕಪ್ಪಿನಿಂದ ಸೀಸದ ವಿಷವೇರಿದ ಬಗ್ಗೆ ಒಂದು ವರದಿ ಬಂತು. ನಮ್ಮ ಉಪಖಂಡದಿಂದ ಇಂಗ್ಲೆಂಡಿಗೆ ಹೋದ ಕುಟುಂಬಗಳು ಊರಿನಿಂದ ತರಿಸಿಕೊಳ್ಳುತ್ತಿದ್ದ ಸುರ್ಮಾ. 1978ರಲ್ಲಿ ಅದೇ ಪತ್ರಿಕೆಯಲ್ಲಿ ಸುರ್ಮಾ ಹಚ್ಚುವ ಮಕ್ಕಳ ರಕ್ತದಲ್ಲಿ ಹಚ್ಚದ ಮಕ್ಕಳಿಗಿಂತ ಹೆಚ್ಚು ಸೀಸ ಇದೆ ಎಂದು ತೋರಿಸಿದರು. 2013ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಆಫ್ಘಾನಿಸ್ತಾನದಿಂದ ತಂದ ಕಾಜಲ್ ಒಂದನ್ನು ಪರೀಕ್ಷಿಸಿದರೆ ನೂರಕ್ಕೆ 54 ಭಾಗ ಸೀಸ! ನಿಘಂಟು ತೆಗೆದರೆ ಸುರ್ಮಾ ಎಂಬುದಕ್ಕೆ ಆಂಟಿಮನಿ ಎಂದೇ ಅರ್ಥ ಇದೆ. ಪೊಟ್ಟಣದ ಮೇಲೂ ಹಾಗೇ ಬರೆದಿರಬಹುದು. ಒಳಗಿರುವುದು ಸೀಸ. ಇದಕ್ಕೆ ತಿರುಗುಮುರುಗಾದ ತಪ್ಪು ನಮ್ಮ ಕಂಪಾಸ್ ಬಾಕ್ಸಿನಲ್ಲೇ ಇದೆ. ನಮ್ಮ ಹಿರಿಯರು ಪೆನ್ಸಿಲ್ಲಿಗೆ ಸೀಸದಕಡ್ಡಿ ಎನ್ನುತ್ತಿದ್ದರು. ಅದರಲ್ಲಿ ಸೀಸ ಚೂರೂ ಇಲ್ಲ, ಗ್ರಾಫೈಟು, ಬರೀ ಇಂಗಾಲ. ಸೀಸ ಇಲ್ಲದ್ದಕ್ಕೆ ಸೀಸದ ಹೆಸರು ಕೊಟ್ಟು, ಇರುವುದಕ್ಕೆ ಬೇರೆ ಹೆಸರು ಕೊಟ್ಟು ಕೂತಿದ್ದೇವೆ.

ಕಣ್ಣಿಗೆ ಹಚ್ಚಿದ್ದು ರಕ್ತಕ್ಕೆ ಹೇಗೆ ಹೋಗುತ್ತದೆ ಎಂದು ಮಕ್ಕಳು ಕೇಳಿದರು. ಒಳ್ಳೆಯ ಪ್ರಶ್ನೆ. ಕಣ್ಣಿನ ಒಳಮೂಲೆಯಲ್ಲಿ ಸೂಜಿಮೊನೆಯಂಥ ರಂಧ್ರ ಇದೆ. ಕಣ್ಣೀರು ಅಲ್ಲಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ಜೊತೆಗೆ ಮಗು ಕಣ್ಣುಜ್ಜಿದ ಕೈಯನ್ನು ಬಾಯಿಗೆ ಹಾಕುತ್ತದೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಅದು ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ರಕ್ತಹೀನತೆ ತರುತ್ತದೆ, ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟರವರೆಗೆ ಸುರಕ್ಷಿತ ಎಂದು ಹೇಳಬಹುದಾದ ಮಟ್ಟವೇ ಸೀಸಕ್ಕೆ ಗೊತ್ತಾಗಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಾಠ ತಲೆಗೆ ಹತ್ತದ ಮಗುವನ್ನು ನಾವು ದಡ್ಡ ಅಂದುಬಿಡುತ್ತೇವೆ. ಇದನ್ನೆಲ್ಲ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ದೇಶದ ಕಾನೂನಿನಲ್ಲಿ ಸೌಂದರ್ಯ ಸಾಧನಗಳಿಗೆ ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಬಳಸುವುದು ನಿಷಿದ್ಧ; 2020ರ ಕಾಸ್ಮೆಟಿಕ್ಸ್ ನಿಯಮಗಳಲ್ಲೂ ಅದು ಇದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಶೀಸೆಯಲ್ಲಿ ಮಾರುವ ಪುಡಿ ಯಾವ ನಿಯಮ ಓದಿರುತ್ತದೆ? ಹೊಳಪು ಮತ್ತು ಭಾರ ಕಂಡರೆ ಅನುಮಾನಿಸಬಹುದು. ಹೊಳೆಯದಿದ್ದರೆ ಸೀಸ ಇಲ್ಲ ಎಂದೇನೂ ಅರ್ಥವಲ್ಲ, ಅದು ಗೊತ್ತಾಗುವುದು ಪ್ರಯೋಗಾಲಯದಲ್ಲಿ ಮಾತ್ರ. ಮನೆಯಲ್ಲಿ ಸುಟ್ಟು ನೋಡಲು ಹೋಗಬೇಡಿ, ಸೀಸದ ಹೊಗೆ ಇನ್ನೂ ಕೆಟ್ಟದ್ದು.

ಹಾಗಾದರೆ ಅಜ್ಜಿಯ ಹಣತೆ ಕಾಡಿಗೆ ಗೆದ್ದಿತು ಎನ್ನೋಣವೇ? ಅಷ್ಟು ಸುಲಭವಿಲ್ಲ. ಇದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ಮಗಳು ಹುಟ್ಟಿದ ಹನ್ನೊಂದನೇ ದಿನ ಅಮ್ಮ ತಾವೇ ಮಾಡಿದ ಕಾಡಿಗೆಯನ್ನು ಬೆರಳ ತುದಿಯಿಂದ ಮಗುವಿನ ಕಣ್ಣಿಗೆ ತೀಡಿದರು. ಎರಡು ದಿನಕ್ಕೆ ಕಣ್ಣು ಕೀವುಗಟ್ಟಿ ಅಂಟಿಕೊಂಡಿತು. ಡಾಕ್ಟರು ಔಷಧಿ ಬರೆದುಕೊಟ್ಟು, ಇನ್ನು ಮುಂದೆ ಕಣ್ಣಿಗೆ ಏನೂ ಹಚ್ಚಬೇಡಿ ಅಂದರು. ಅಮ್ಮ ಅತ್ತರು. "ನಿನಗೂ ಹಚ್ಚಿದ್ದೆ ಕಣೇ, ನಿನ್ನ ಕಣ್ಣೇನು ಹೋಯ್ತಾ?" ಅಂದರು. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಕಾಡಿಗೆಯಿಂದಲೇ ಆಯಿತೋ ಬೇರೆ ಏನಾದರೂ ಕಾರಣವೋ ಖಂಡಿತ ಹೇಳಲಾರೆ. ಆದರೆ ಎಣ್ಣೆ ಜಿಡ್ಡಿನ ಕರಡಿಗೆಗೆ ವರ್ಷವಿಡೀ ಎಲ್ಲರ ಬೆರಳೂ ಹೋಗಿ ಬರುತ್ತಿತ್ತಲ್ಲ. ಕೆಲವರು 'ತಂಪಿಗೆ' ಕರ್ಪೂರವನ್ನೂ ಸೇರಿಸುತ್ತಾರೆ. ಅದು ಕಣ್ಣು ಉರಿಸುತ್ತದೆ, ಎಳೆಮಕ್ಕಳಿಗೆ ವಿಷ.

ಒಂದೇ ಕಡ್ಡಿ, ಒಂದೇ ಬೆರಳು ಮನೆಮಂದಿಗೆಲ್ಲ ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ಟ್ರಕೋಮದ ಇತಿಹಾಸ ಹೇಳುತ್ತದೆ. ರೆಪ್ಪೆಯ ಒಳಭಾಗ ಒರಟಾಗಿ, ಕೂದಲು ಒಳಕ್ಕೆ ಮಡಚಿ, ಕಣ್ಣನ್ನೇ ಗೀರಿ ಕುರುಡು ಮಾಡುವ ಸೋಂಕು ಅದು. ಬೆರಳು, ಬಟ್ಟೆ, ನೊಣದಿಂದ ಹರಡುತ್ತದೆ. ನಮ್ಮ ಸರ್ಕಾರ 1963ರಲ್ಲಿ ಟ್ರಕೋಮ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು, 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿತು. ಮುಖ ತೊಳೆಯುವುದು, ನೀರು, ಶೌಚಾಲಯ, ಔಷಧಿ ಎಲ್ಲ ಸೇರಿ, 2024ರ ಅಕ್ಟೋಬರಿನಲ್ಲಿ ಭಾರತದಲ್ಲಿ ಟ್ರಕೋಮ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅರವತ್ತೊಂದು ವರ್ಷ ಹಿಡಿಯಿತು.

ನಮ್ಮ ಮನೆಯಲ್ಲಿ ಅಮ್ಮನೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಕಾಡಿಗೆ ಬೊಟ್ಟು ಮಗುವಿನ ಅಂಗಾಲಿಗೆ. ದೃಷ್ಟಿ ತೆಗೆಯುವುದಕ್ಕೆ ಕಣ್ಣೇ ಆಗಬೇಕೆಂದೇನಿಲ್ಲ, ಅಂಗಾಲಿನ ಬೊಟ್ಟೂ ಹಳೆಯ ಪದ್ಧತಿಯೇ ಎಂದು ಅಮ್ಮನೇ ನೆನಪಿಸಿಕೊಂಡರು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅಂಗಡಿಯಿಂದ ಪೆನ್ಸಿಲ್ಲಿನಂಥ ಕಾಜಲ್ ತಂದು ತಾನೇ ಹಚ್ಚಿಕೊಳ್ಳುತ್ತಾಳೆ. ಗೆಳತಿಯರಿಗೆ ಕೊಡಬೇಡ ಎಂದರೆ ಕೇಳುವುದಿಲ್ಲ.

ಸುರ್ಮಾದ ಹುಡುಗನ ತಂದೆಗೆ ಹೇಳಿ ಕಳಿಸಿದ್ದೆ, ಬಂದರು. ಏನು ಹೇಳಬೇಕೆಂದು ನನಗೂ ಅಳುಕಿತ್ತು. ಸುರ್ಮಾ ಹಚ್ಚುವುದು ಅವರಲ್ಲಿ ಬರೀ ಅಲಂಕಾರವಲ್ಲ, ಪುಣ್ಯದ ಕೆಲಸ. ಶೀಸೆ ಅವರ ತಂದೆ ಎಲ್ಲೋ ದೂರದ ಉರುಸಿನಿಂದ ತಂದದ್ದಂತೆ, ಶುಕ್ರವಾರ ಹಬ್ಬಗಳಲ್ಲಿ ಎಲ್ಲರೂ ಹಚ್ಚುತ್ತಾರಂತೆ, ಒಂದೂವರೆ ವರ್ಷದ ಮಗಳಿಗೂ. ನಾನು ಓದಿದ್ದನ್ನೆಲ್ಲ ಹೇಳಿದೆ. ನಮ್ಮ ಮನೆಯ ಕಾಡಿಗೆ ಕಥೆಯನ್ನೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಅಬ್ಬಾಜಾನ್ ತಂದಿದ್ದು ಟೀಚರ್, ಎಸೆಯೋಕಾಗಲ್ಲ. ಮೇಲೆ ಎತ್ತಿಟ್ಟುಬಿಡ್ತೀನಿ" ಅಂದರು. ಸಣ್ಣ ಮಗುವಿನ ರಕ್ತ ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದು ಕೇಳಿದರು. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರನ್ನು ಕೇಳಿ, ಸುರ್ಮಾ ಹಚ್ಚಿದ್ದನ್ನು ಮರೆಯದೆ ಹೇಳಿ ಎಂದು ಚೀಟಿ ಬರೆದುಕೊಟ್ಟೆ.

ಹಿತ್ತಾಳೆ ಕರಡಿಗೆಯ ಹುಡುಗಿಯ ಅಜ್ಜಿಯನ್ನು ಕಳೆದ ಶನಿವಾರ ಶಾಲೆಗೆ ಕರೆಸಿದೆವು. ಮೂಲೆಯಲ್ಲಿ ಹಣತೆ ಹಚ್ಚಿ ತಟ್ಟೆ ಬೋರಲು ಹಾಕಿ, ಮಧ್ಯಾಹ್ನಕ್ಕೆ ಒಂದು ಚಮಚದಷ್ಟು ಕಪ್ಪು ತೆಗೆದುಕೊಟ್ಟರು. ಗೊಬ್ಬಳಿ ಮರದ ಗೋಂದು ನೀರಿನಲ್ಲಿ ಕರಗಿಸಿ ಅದಕ್ಕೆ ಕಲಸಿದೆವು, ಶಾಯಿ ಆಯಿತು. ಮಕ್ಕಳು ಬಿದಿರಿನ ಕಡ್ಡಿ ಚೂಪು ಮಾಡಿಕೊಂಡು ಹಳೆಯ ಡ್ರಾಯಿಂಗ್ ಹಾಳೆಯ ಮೇಲೆ ಕಾಡಿಗೆ, ಕಾಟುಕ, ಕಣ್ ಮೈ ಎಂದು ಬರೆದು ಮುಂದೆ 'ಇಂಗಾಲ' ಎಂದು ಬರೆದರು. ಸುರ್ಮಾ ಎಂಬುದನ್ನು ಆ ಹುಡುಗನೇ ಕೆಳಗೆ ಬೇರೆ ಸಾಲಿನಲ್ಲಿ ಬರೆದು, 'ಸೀಸ' ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ. "ಟೆಸ್ಟ್ ಮಾಡಿಲ್ವಲ್ಲ ಮಿಸ್" ಅಂದ. ಹೌದಲ್ಲ, ನಾವು ಮಾಡಿಲ್ಲ. ಹಾಳೆ ಈಗ ಏಳನೇ ಕ್ಲಾಸಿನ ಗೋಡೆಯ ಮೇಲಿದೆ, ಪ್ರಶ್ನೆ ಚಿಹ್ನೆಯ ಸಮೇತ.